ಅಂಚಿಗೆ ಹಗ್ಗ ಹೊಲಿದ ಬಟ್ಟೆ

ಜನವರಿ 9

ಪ್ರೀತಿಯ ಮಾವ,

ನಮಸ್ಕಾರ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ಎರಡು ಸಲ "ಆಂ, ಆಂ" ಎಂದು ಅತ್ತೆಯ ಕೈಗೆ ಕೊಟ್ಟುಬಿಡುತ್ತೀರಿ. ಅತ್ತೆ "ನಾವೆಲ್ಲ ಚೆನ್ನಾಗಿದೀವಿ, ನಿಂದು ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತಾರೆ. ಅದಕ್ಕೇ ಕಾಗದ ಬರೆಯಲು ಕೂತೆ. ಉತ್ತರ ಬರೆಯದಿದ್ದರೆ ಖುದ್ದಾಗಿ ಬಂದು ತಲೆ ತಿನ್ನುತ್ತೇನೆ.

ಒಂದು ಹೊಸ ಕೆಲಸ ಸಿಕ್ಕಿದೆ. ನಮ್ಮ ಬಡಾವಣೆಯ ಹಳೆಯ ಬಸ್ ಡಿಪೋದಲ್ಲಿ ವರ್ಷಕ್ಕೊಮ್ಮೆ ಕಲಾ ಸಂತೆ ನಡೆಯುತ್ತದೆ. ನಲವತ್ತು ಮೇಜು ಹಾಕುತ್ತಾರೆ. ಮಣ್ಣಿನ ಕೆಲಸದವರು, ಚಿತ್ರ ಬರೆಯುವವರು, ತಂತಿ ಬಗ್ಗಿಸಿ ಹಕ್ಕಿ ಮಾಡುವವರು ಹೀಗೆ ಅಂಗಡಿಯಿಲ್ಲದೆ ಮನೆಯ ಮೂಲೆಯಲ್ಲಿ ಕೂತು ಮಾಡುವವರೇ ಎಲ್ಲ. ಹೋದ ವರ್ಷ ನಲವತ್ತೂ ಮೇಜಿಗೆ ಹೆಸರು ಕೊಟ್ಟಿದ್ದರಂತೆ, ಆ ದಿನ ಹದಿನಾಲ್ಕು ಜನ ಬರಲೇ ಇಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ವರ್ಷವೂ ಮೇಜು ಖಾಲಿ ಬಿದ್ದರೆ ನಗರಸಭೆಯವರು ಡಿಪೋವನ್ನು ಗೋದಾಮು ಮಾಡುತ್ತಾರಂತೆ. ಸಂತೆ ಏಪ್ರಿಲ್ 20ಕ್ಕೆ.

ಕಲಾವಿದರು ಸಂತೆಗೆ ತಯಾರಾಗಲು ನೆರವಾಗುವಂಥದ್ದು ಏನಾದರೂ ವಿನ್ಯಾಸ ಮಾಡಿಕೊಡಿ ಎಂದು ಸಮಿತಿಯ ಕಾರ್ಯದರ್ಶಿಗಳು ನನ್ನನ್ನು ಕರೆದರು. ನಿವೃತ್ತ ಲೆಕ್ಕದ ಮೇಷ್ಟ್ರು, ಕನ್ನಡಕದ ಮೇಲಿನಿಂದ ನೋಡಿ ಮಾತಾಡುತ್ತಾರೆ. ನಾನು ಹತ್ತೇ ದಿನದಲ್ಲಿ ಮೊಬೈಲಿನಲ್ಲಿ ನೋಡುವಂಥ ಒಂದು ಆ್ಯಪ್ ಮಾಡಿ ಮುಗಿಸಿದ್ದೇನೆ. ಏಳು ಹಂತ. ಏನೇನು ತರಬೇಕು, ಯಾವಾಗ ಬರಬೇಕು, ಹೇಗೆ ಜೋಡಿಸಬೇಕು, ಎಲ್ಲವೂ ಇದೆ. ಬಣ್ಣ ತುಂಬ ಚೆನ್ನಾಗಿ ಬಂದಿದೆ.

ನೀವು ಮಾಡಿದ ಕುರ್ಚಿಯನ್ನು ಯಾರೂ ವಾಪಸ್ ತಂದದ್ದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅದು ಹೇಗೆ ಎಂದು ಬರೆಯಿರಿ. ಅತ್ತೆಗೆ ನಮಸ್ಕಾರ ತಿಳಿಸಿ.

ನಿಮ್ಮ ಗುಂಡುಸೂಜಿ

ಜನವರಿ 22

ಗುಂಡುಸೂಜಿಗೆ ಆಶೀರ್ವಾದಗಳು.

ಕಾಗದ ಬಂತು. ನೀನು ಖುದ್ದಾಗಿ ಬರುತ್ತೀ ಎಂಬ ಹೆದರಿಕೆಗೆ ಬೇಗ ಉತ್ತರ ಬರೆಯುತ್ತಿದ್ದೇನೆ.

ಕುರ್ಚಿಯ ವಿಷಯ ಕೇಳಿದ್ದೀಯ. ಅದರಲ್ಲಿ ಗುಟ್ಟೇನಿಲ್ಲ. ಕುರ್ಚಿ ಬೇಕೆಂದು ಬಂದವರನ್ನು ಮೊದಲು ಒಂದು ಸ್ಟೂಲಿನ ಮೇಲೆ ಕೂರಿಸಿ ಅದೂ ಇದೂ ಮಾತಾಡಿಸುತ್ತೇನೆ. ಅವರು ಕೂತದ್ದನ್ನು ನಾನು ನೋಡುವುದಿಲ್ಲ, ಏಳುವುದನ್ನು ನೋಡುತ್ತೇನೆ. ಏಳುವಾಗ ಒಬ್ಬರು ಮೊಣಕಾಲಿಗೆ ಕೈ ಕೊಡುತ್ತಾರೆ, ಒಬ್ಬರು ಪಕ್ಕದ ಗೋಡೆ ಹುಡುಕುತ್ತಾರೆ. ಆ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಕುರ್ಚಿಯ ಕೈ ಬರಬೇಕು. ಇಷ್ಟೇ. ನೀನು ಯಾರನ್ನೂ ನೋಡದೆ ಹತ್ತು ದಿನದಲ್ಲಿ ಮುಗಿಸಿದೆಯಲ್ಲ, ಅದು ನನಗೆ ಅರ್ಥವಾಗಲಿಲ್ಲ. ಬಣ್ಣ ಚೆನ್ನಾಗಿ ಬಂದದ್ದು ಸಂತೋಷ.

ಇಲ್ಲಿ ಎಲ್ಲ ಕ್ಷೇಮ. ನನ್ನ ಕಿವಿ ಮೊದಲಿನ ಹಾಗೇ ಇದೆ, ಅರ್ಧ ಕೇಳುತ್ತದೆ, ಇಷ್ಟು ವರ್ಷ ಗರಗಸದ ಮೆಷಿನ್ ಪಕ್ಕ ನಿಂತವನಿಗೆ ಅಷ್ಟು ಸಾಕು. ನಿನ್ನ ಅತ್ತೆಯದು ಗೊತ್ತೇ ಇದೆಯಲ್ಲ, ಗುಡಿಸುವುದು, ಒರೆಸುವುದು, ನನ್ನ ಷೆಡ್ಡಿನ ಕಸ ಎತ್ತುವುದು. ನಿನ್ನ ಕಾಗದ ಓದಿ ಹೇಳಿದಾಗ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು: "ಆ ಸಂತೆಗೆ ಯಾರು ಬೇಕಾದರೂ ಬರಬಹುದಂತಾ?" ನೋಡುವವರು ಯಾರು ಬೇಕಾದರೂ ಬರಬಹುದು ಎಂದೆ. ಪೊರಕೆ ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಎಲ್ಲಿಗಾದರೂ ಹೋಗಿಬರುವ ಆಸೆ ಇದ್ದೀತು. ಬೇಸಿಗೆಯಲ್ಲಿ ನೋಡೋಣ.

ನಿನ್ನ ಮಾವ

ಫೆಬ್ರವರಿ 5

ಪ್ರೀತಿಯ ಮಾವ,

ನಿಮ್ಮ ಕಾಗದ ಓದಿ ಎರಡು ದಿನ ಸಿಟ್ಟು ಮಾಡಿಕೊಂಡೆ. ಮೂರನೆಯ ದಿನ ಆ್ಯಪ್ ಎಷ್ಟು ಜನ ತೆರೆದಿದ್ದಾರೆ ಎಂದು ನೋಡಿದೆ. ಬರೀ ಐದು ಜನ. ಅದರಲ್ಲಿ ಒಬ್ಬರು ಕಾರ್ಯದರ್ಶಿಗಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹೋದ ವರ್ಷ ಬಾರದವರ ಮನೆಗಳಿಗೇ ಮೊದಲು ಹೋದೆ.

ಒಬ್ಬರು ಬಸ್ ಡ್ರೈವರು. ಡ್ಯೂಟಿ ಮುಗಿಸಿ ಬಂದು ತಂತಿಯಲ್ಲಿ ಹಕ್ಕಿ ಮಾಡುತ್ತಾರೆ. ಮನೆಯ ಕಿಟಕಿಯ ಸರಳಿನ ತುಂಬ ಹಕ್ಕಿಗಳು ಕೂತಿವೆ. "ಹೋದ ವರ್ಷ ಯಾಕೆ ಬರಲಿಲ್ಲ?" ಎಂದೆ. "ಇಲ್ಲಿ ಕಿಟಕಿ ಮೇಲೆ ಚೆನ್ನಾಗಿ ಕಾಣ್ತವೆ. ಮೇಜಿನ ಮೇಲೆ ಇಟ್ರೆ ಗುಜರಿ ಥರ ಕಂಡ್ರೆ ಏನ್ ಮಾಡೋದು ಅಂತ ಭಯ ಆಯ್ತು" ಎಂದರು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಒಂದು ಮೇಜಿಗೆ ಹೆದರಿ ಮನೆಯಲ್ಲಿ ಕೂತಿದ್ದರು.

ಇನ್ನೊಬ್ಬರ ವಿಷಯ ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಎಲ್ಲರೂ ಅವರನ್ನು ಕುಂಬಾರಮ್ಮ ಎನ್ನುತ್ತಾರೆ. ಅರವತ್ತು ದಾಟಿದೆ. ಆರು ವರ್ಷದಿಂದ ಕಣ್ಣು ಪೂರ್ತಿ ಹೋಗಿದೆ. ನಾನು ಹೋದಾಗ ಒಂದು ಡಬ್ಬಿಯಾಕಾರದ ಪಾತ್ರೆ ಮುಗಿಸಿ ಪಕ್ಕಕ್ಕಿಟ್ಟು, ಅದರ ಮುಚ್ಚಳಕ್ಕೆ ಮಣ್ಣು ತೆಗೆದುಕೊಂಡರು. ಪಾತ್ರೆಯ ಬಾಯಿಯನ್ನು ಒಂದು ಸಲ ಬೆರಳಲ್ಲಿ ಸುತ್ತಿದರು, ಅಷ್ಟೇ. ಮತ್ತೆ ಮುಟ್ಟಲಿಲ್ಲ. ನನ್ನ ಜೊತೆ ಮಾತಾಡುತ್ತಲೇ ಚಕ್ರದ ಮೇಲೆ ಮುಚ್ಚಳ ಎಬ್ಬಿಸಿದರು, ದಾರದಲ್ಲಿ ಕೊಯ್ದರು, ಎರಡು ಅಂಗೈ ಮೇಲೆ ತಂದು ಪಾತ್ರೆಯ ಮೇಲಿಟ್ಟರು. ಕೂದಲೆಳೆಯಷ್ಟೂ ಸಂದಿ ಇರಲಿಲ್ಲ, ಮಾವ. ನನ್ನ ಚೀಲದಲ್ಲಿ ಅಳತೆಪಟ್ಟಿ ಇತ್ತು. ಅದನ್ನು ಹೊರಗೆ ತೆಗೆಯಲು ನಾಚಿಕೆಯಾಯಿತು.

"ಹೋದ ವರ್ಷ ನಾನು ಬಂದಿದ್ದೆ ಕಣಮ್ಮ" ಎಂದರು. "ಡಿಪೋ ಗೇಟಿನ ತನಕ ಬಂದು ವಾಪಸ್ ಹೋದೆ."

"ಯಾಕೆ?"

"ಮೇಜು ಎಷ್ಟುದ್ದ ಅಂತ ಯಾರೂ ಹೇಳ್ಲಿಲ್ಲ. ಅಂಚು ಎಲ್ಲಿ ಮುಗಿಯುತ್ತೆ ಗೊತ್ತಾಗದೆ ಮಡಕೆ ಇಡೋದು ಹೇಗೆ? ಬಿದ್ರೆ ಒಡೆಯೋದು ಮಡಕೆ ಒಂದೇ ಅಲ್ಲ. ಜನ ಅಯ್ಯೋ ಪಾಪ ಅಂತಾರೆ. ಅದು ನನಗೆ ಬೇಡ."

ಮೇಜು ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ ಎಂದೆ. ಅವರು ಮೊಣಕೈಯಿಂದ ಬೆರಳ ತುದಿಯವರೆಗೆ ಗಾಳಿಯಲ್ಲೇ ನಾಲ್ಕು ಮೊಳ ಅಳೆದು, ಆ ಖಾಲಿ ಜಾಗದಲ್ಲಿ ಕೈಯಾಡಿಸುತ್ತ "ಇಲ್ಲಿ ದೊಡ್ಡದು, ಇಲ್ಲಿ ಎರಡು ಸಣ್ಣದು" ಎಂದು ಇಡತೊಡಗಿದರು. ಗಾಳಿಯಲ್ಲಿ ಒಂದು ಮೇಜು ನನಗೂ ಕಂಡಿತು.

ಅಲ್ಲಿಂದ ಬರುವ ದಾರಿಯಲ್ಲೇ ಹೊಳೆಯಿತು. ಇವರಿಗೆ ಬೇಕಾದದ್ದು ಪಟ್ಟಿಯಲ್ಲ, ಮೇಜು. ಮನೆಯಲ್ಲೇ ಹಾಸಿ, ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಲು ಒಂದು ಮೇಜು. ಅದಕ್ಕೇ ಮೇಜಿನದೇ ಅಳತೆಯ ದಪ್ಪ ಬಟ್ಟೆಯೊಂದನ್ನು ಹೊಲಿಸಿದ್ದೇನೆ. ಸುತ್ತ ಅಂಚಿನೊಳಗೆ ಹಗ್ಗ ಸೇರಿಸಿ ಹೊಲಿದಿದೆ, ಕೈಗೆ ಸಿಗಲಿ ಎಂದು. ಸಂತೆಯ ದಿನ ಅದರಲ್ಲೇ ವಸ್ತುಗಳನ್ನು ಸುತ್ತಿ ತಂದು ಅದನ್ನೇ ಮೇಜಿಗೆ ಹಾಸಬಹುದು. ಒಂದು ಮಾದರಿ ಕಳಿಸುತ್ತಿದ್ದೇನೆ. ನಿಮ್ಮ ಕಣ್ಣಿಗೆ ಏನು ತಪ್ಪು ಕಾಣುತ್ತದೋ ಬರೆಯಿರಿ. ಹೊಲಿಗೆಯನ್ನು ಅತ್ತೆಗೆ ತೋರಿಸಿ.

ನಿಮ್ಮ ಗುಂಡುಸೂಜಿ

ಫೆಬ್ರವರಿ 16

ಗುಂಡುಸೂಜಿಗೆ ಆಶೀರ್ವಾದಗಳು.

ಬಟ್ಟೆ ಬಂತು. ಒಳ್ಳೆಯ ಕೆಲಸ. ಎರಡು ಮಾತು. ನಾಲ್ಕು ಕಡೆಯೂ ಒಂದೇ ಥರದ ಹಗ್ಗ ಹಾಕಿದ್ದೀಯ. ಆ ತಾಯಿಗೆ ಮುಂದು ಯಾವುದು, ಹಿಂದು ಯಾವುದು ಹೇಗೆ ತಿಳಿಯಬೇಕು? ತಾನು ಕೂರುವ ಕಡೆಗೆ ತೆಳು ಹಗ್ಗ, ಜನ ನಿಲ್ಲುವ ಕಡೆಗೆ ದಪ್ಪ ಹಗ್ಗ ಹಾಕು. ಎರಡನೆಯದು, ನಿಮ್ಮ ಮೇಜುಗಳು ಅಲ್ಲಾಡುತ್ತವೆಯೇ ನೋಡು. ಅಲ್ಲಾಡುವ ಮೇಜಿಗೆ ಎಂಥ ಬಟ್ಟೆ ಹಾಸಿದರೂ ಪ್ರಯೋಜನವಿಲ್ಲ. ಕಾಲಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು ಕೊಡು, ಮಡಿಸಿದ ಕಾಗದ ಕೊಡಬೇಡ.

ಬಟ್ಟೆಯನ್ನು ವಾಪಸ್ ಕಳಿಸೋಣ ಎಂದರೆ ನಿನ್ನ ಅತ್ತೆ ಕೊಡುತ್ತಿಲ್ಲ. ಒಳಗಿನ ಕೋಣೆಗೆ ತೆಗೆದುಕೊಂಡು ಹೋದಳು. "ಸ್ವಲ್ಪ ದಿನ ಇರಲಿ ಬಿಡಿ" ಎಂದಳು. ಹಾಸಿಗೆಯ ಮೇಲೆ ಹಾಕಲು ಇಷ್ಟವಾಯಿತೇನೋ.

ನಿನ್ನ ಮಾವ

ಮಾರ್ಚ್ 1

ಪ್ರೀತಿಯ ಮಾವ,

ದಪ್ಪ ಹಗ್ಗ, ತೆಳು ಹಗ್ಗ ಎರಡನ್ನೂ ಹಾಕಿಸಿದೆ. ಕುಂಬಾರಮ್ಮ ಒಂದು ಸಲ ಮುಟ್ಟಿ "ಇದನ್ನ ಹೇಳಿಕೊಟ್ಟೋರು ಯಾರು?" ಎಂದರು. "ನಮ್ಮ ಮಾವ, ಬಡಗಿ" ಎಂದೆ. "ಅದಕ್ಕೇ" ಎಂದರು. ಡ್ರೈವರಣ್ಣ ಹಕ್ಕಿಗಳನ್ನು ಬಟ್ಟೆಯ ಮೇಲೆ ಆರು ಥರ ಇಟ್ಟು ನೋಡಿ, ಕೊನೆಗೆ ಒಂದು ಒಣಗಿದ ಕೊಂಬೆ ತಂದು ಅದರ ಮೇಲೆ ಕೂರಿಸಿದ್ದಾರೆ. ಈಗ ಹಾರಿಹೋಗುತ್ತವೇನೋ ಅನ್ನಿಸುತ್ತದೆ. ಅವರೇ ದೂರ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಬೇರೆ ಯಾರೋ ಮಾಡಿದ್ದನ್ನು ನೋಡುವ ಹಾಗೆ.

ಕಾರ್ಯದರ್ಶಿಗಳಿಗೂ ಬಟ್ಟೆ ತುಂಬ ಇಷ್ಟವಾಗಿದೆ. ಎಲ್ಲ ಸರಿಯಾಗಿ ನಡೆಯುತ್ತಿದೆ. ಏನೂ ಯೋಚನೆಯಿಲ್ಲ.

ನಿಮ್ಮ ಗುಂಡುಸೂಜಿ

ಮಾರ್ಚ್ 18

ಗುಂಡುಸೂಜಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಯಾಕೆಂದು ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ನಿನ್ನ ಕಾಗದದ ಕೊನೆಯ ಮೂರು ಸಾಲುಗಳಲ್ಲಿ ಅಕ್ಷರಗಳು ಬಹಳ ದುಂಡಗಿವೆ. ಚಿಕ್ಕಂದಿನಲ್ಲೂ ಸುಳ್ಳು ಬರೆಯುವಾಗ ನಿನ್ನ ಅಕ್ಷರ ದುಂಡಗಾಗುತ್ತಿತ್ತು. ಏನಾಗಿದೆ ಎಂದು ಸರಿಯಾಗಿ ಬರೆ.

ಈಗ ನನ್ನ ವಿಷಯ. ಹೋದ ಶುಕ್ರವಾರ ಒಂದು ಮನೆಗೆ ಬಾಗಿಲು ಕೂರಿಸಲು ಹೋಗಿದ್ದೆ. ಅವರ ಗೋಡೆಯ ಗಾರೆ ಇನ್ನೂ ಹಸಿ ಇತ್ತು. ಬೇಗ ಮನೆಗೆ ಬಂದೆ. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ನೆಲದ ಮೇಲೆ ನಿನ್ನ ಬಟ್ಟೆ ಹಾಸಿತ್ತು. ನಿನ್ನ ಅತ್ತೆ ಮಂಡಿಯೂರಿ ಅದರ ಮೇಲೆ ಕಂದು ಬಣ್ಣದ ಹಾಳೆಗಳನ್ನು ಸಾಲಾಗಿ ಇಡುತ್ತಿದ್ದಳು. ಇಡುವುದು, ಹಿಂದೆ ಸರಿದು ನೋಡುವುದು, ಎತ್ತಿ ಬೇರೆ ಕಡೆ ಇಡುವುದು. ನಾನು ಬಂದದ್ದು ಅವಳಿಗೆ ತಿಳಿಯಲಿಲ್ಲ.

ಆ ಹಾಳೆಗಳು ಏನು ಎಂದು ನೋಡಿದರೆ, ಮರ ಉಜ್ಜಿ ನಾನು ಎಸೆಯುವ ಉಪ್ಪುಕಾಗದ. ಮರಳು ಸವೆದುಹೋದ ಮೇಲೆ ಅದು ಯಾರಿಗೂ ಬೇಡ. ಇಷ್ಟು ವರ್ಷ ಕಸದ ಜೊತೆ ಹೋಗುತ್ತದೆ ಎಂದುಕೊಂಡಿದ್ದೆ. ಅದರ ಹಿಂಬದಿಯಲ್ಲಿ, ನಾನು ಮೋಟುಮಾಡಿ ಬಿಟ್ಟ ಚಪ್ಪಟೆ ಪೆನ್ಸಿಲಿನಿಂದ ಅವಳು ಚಿತ್ರ ಬರೆದಿದ್ದಾಳೆ. ಒಂದಲ್ಲ ಎರಡಲ್ಲ, ಬಟ್ಟೆಯ ಪಕ್ಕದಲ್ಲಿ ಇನ್ನೂ ಎರಡು ಪೆಟ್ಟಿಗೆ ತುಂಬ ಇದ್ದವು. ಎಲ್ಲದರಲ್ಲೂ ಒಬ್ಬ ಮನುಷ್ಯನ ಬೆನ್ನು. ಬಗ್ಗಿ ಹಲಗೆ ಕೀಸುತ್ತಿರುವ ಬೆನ್ನು, ಉಳಿ ಹೊಡೆಯುತ್ತಿರುವ ಭುಜ, ಬೆವರಿಗೆ ಅಂಟಿದ ಅಂಗಿ. ಯಾರೋ ದೊಡ್ಡ ಕೆಲಸಗಾರ ಇರಬೇಕು ಎಂದುಕೊಂಡೆ. ಆಮೇಲೆ ಅಂಗಿಯ ಕಾಲರಿನ ಹರುಕು ಕಂಡಿತು. ಆ ಅಂಗಿ ನನ್ನದು.

ಅವಳು ತಿರುಗಿ ನೋಡಿ ಬೆಚ್ಚಿದಳು. ನಾನು ಅವಳ ತುಟಿ ಕಾಣುವ ಹಾಗೆ ಎದುರಿಗೆ ಕೂತು ಕೇಳಿದೆ: "ಇದೆಲ್ಲ ಯಾವಾಗ ಬರೆದೆ?"

"ನೀವು ತಿರುಗೋವರೆಗೆ" ಎಂದಳು.

ಅರ್ಥವಾಗಲಿಲ್ಲ. ಅವಳು ನಿಧಾನವಾಗಿ ಹೇಳಿದಳು. "ಷೆಡ್ಡಿನಲ್ಲಿ ನಿಮ್ಮ ಮೇಜು ಕಿಟಕಿ ಕಡೆಗಿದೆ. ಊಟಕ್ಕೆ ಕರೆಯೋಕೆ ಬಂದ್ರೆ ನಿಮ್ಮ ಬೆನ್ನೇ ಕಾಣೋದು. ಕರೆದ್ರೆ ಕೇಳಲ್ಲ. ಉಳಿ ಹಿಡಿದೋರನ್ನ ಹಿಂದಿನಿಂದ ಮುಟ್ಟಬಾರದು ಅಂತ ನೀವೇ ಹೇಳಿದ್ರಿ. ಅದಕ್ಕೆ ಬಾಗಿಲಲ್ಲಿ ಕೂತು ಕಾಯ್ತಿದ್ದೆ. ಸುಮ್ಮನೆ ಕೂರೋಕೆ ಬೇಜಾರು. ಕೈಗೆ ಪೆನ್ಸಿಲ್ ಸಿಕ್ತು."

"ಮುಖ ಯಾಕೆ ಬರೆದಿಲ್ಲ?"

"ತಿರುಗಿದ ಮೇಲೆ ಊಟಕ್ಕೆ ಹೋಗ್ತಿದ್ವಲ್ಲ."

ಪ್ರತಿ ಹಾಳೆಯ ಮೂಲೆಯಲ್ಲೂ ತಾರೀಖು ಹಾಕಿದ್ದಾಳೆ. ಇಪ್ಪತ್ತಾರು ವರ್ಷದ್ದು. ಅವಳು ಅವನ್ನು ತಾರೀಖಿನ ಪ್ರಕಾರ ಜೋಡಿಸಿದ್ದಳು. ನಾನು ಎಡಗಡೆಯಿಂದ ನೋಡುತ್ತ ಬಂದೆ. ಮೊದಲಿನವುಗಳಲ್ಲಿ ನಾಲ್ಕೈದು ಗೆರೆಗಳು ಅಷ್ಟೇ, ಅರ್ಧಕ್ಕೆ ನಿಂತಿವೆ. ಆಗ ಅವಳು ಕರೆದ ಕೂಡಲೇ ನಾನು ತಿರುಗುತ್ತಿದ್ದೆ. ಆಮೇಲಿನವುಗಳಲ್ಲಿ ಬೆನ್ನು ಪೂರ್ತಿ ಇದೆ. ಇನ್ನೂ ಈಚೆಗೆ ಬಂದರೆ ಕಿಟಕಿ, ಕಿಟಕಿಯ ಬೆಳಕು, ನೆಲದ ಮೇಲಿನ ಮರದ ಸುರುಳಿಗಳು. ಈ ವರ್ಷದ ಚಿತ್ರದಲ್ಲಿ ನನ್ನ ಅಂಗಿಯ ಒಂದೊಂದು ಹೊಲಿಗೆಯೂ ಇದೆ, ಕುತ್ತಿಗೆಯ ಹಿಂದಿನ ಬಿಳಿ ಕೂದಲು ಒಂದೊಂದೂ ಇದೆ. ನನ್ನ ಕಿವಿ ಖಾಲಿಯಾಗುತ್ತ ಹೋದಷ್ಟೂ ಅವಳ ಹಾಳೆ ತುಂಬುತ್ತ ಬಂದಿದೆ.

ನಿನಗೆ ಅರ್ಧ ಕೇಳುತ್ತದೆ ಎಂದು ಬರೆದಿದ್ದೆ. ಅದು ಸುಳ್ಳು. ಎರಡು ವರ್ಷದಿಂದ ಬಲಗಿವಿ ಏನೂ ಕೇಳುವುದಿಲ್ಲ, ಎಡಗಿವಿಗೆ ಗುಡುಗು ಕೇಳಿದರೆ ಹೆಚ್ಚು. ಯಾರಿಗೂ ತಿಳಿಯದ ಹಾಗೆ ತುಟಿ ನೋಡಿ ನಿಭಾಯಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ದಿನ ದಿನದ ಲೆಕ್ಕ ಗೊತ್ತಿತ್ತು. ಒಂದು ದಿನವೂ ಆಡಿ ತೋರಿಸಲಿಲ್ಲ.

ಮೂರು ದಿನ ನಾನು ಷೆಡ್ಡಿಗೆ ಹೋಗಲಿಲ್ಲ. ಪೆಟ್ಟಿಗೆಗಳನ್ನು ಇಟ್ಟುಕೊಂಡು ಕೂತೆ. ನನ್ನ ಇಡೀ ಜೀವಮಾನದ ಕೆಲಸವನ್ನು ನಾನೇ ಮೊದಲ ಸಲ ನೋಡಿದೆ. ನನಗೆ ಮರದ ಬಗ್ಗೆ ಗೊತ್ತು, ಚಿತ್ರದ ಬಗ್ಗೆ ಗೊತ್ತಿಲ್ಲ. ಆದರೆ ಕೈ ಪಳಗಿದೆಯೇ ಇಲ್ಲವೇ ಎಂದು ನನಗೆ ಗೊತ್ತಾಗುತ್ತದೆ. ಇಂಥ ಕೈಯನ್ನು ನಾನು ಕಂಡಿಲ್ಲ. ಅದು ನನ್ನ ಮನೆಯಲ್ಲೇ ಕಸ ಗುಡಿಸುತ್ತಿತ್ತು.

ಅವಳಿಗೆ ಒಂದು ಮೇಜು ಸಿಗುತ್ತದೆಯೇ? ಕೇಳಿದ್ದಕ್ಕೆ ಅವಳು "ನಾನೇನು ಕಲಾವಿದೇನಾ" ಎನ್ನುತ್ತಾಳೆ. ಆದರೆ ಬಟ್ಟೆ ಇನ್ನೂ ಹಾಸಿಯೇ ಇದೆ.

ನಿನ್ನ ಮಾವ

ಮಾರ್ಚ್ 26

ಪ್ರೀತಿಯ ಮಾವ,

ನಿಮ್ಮ ಕಾಗದವನ್ನು ಬಸ್ ಸ್ಟಾಪಿನಲ್ಲಿ ಒಡೆದೆ. ನನ್ನ ಬಸ್ಸು ಬಂದು ಹೋಯಿತು. ಇನ್ನೊಂದೂ ಬಂದು ಹೋಯಿತು.

ಅಷ್ಟು ವರ್ಷ ಬೇಸಿಗೆ ರಜೆಗೆ ಬಂದಿದ್ದೇನೆ. ಅತ್ತೆ ಷೆಡ್ಡಿನ ಬಾಗಿಲಲ್ಲಿ ಕೂತಿರುವುದನ್ನು ನಾನೂ ನೋಡಿದ್ದೇನೆ. ಮನೆ ಮನೆಗೆ ಹೋಗಿ ಜನರನ್ನು ಗಮನಿಸುವುದೇ ನನ್ನ ಕಸುಬು, ಮಾವ. ಅತ್ತೆಯ ಮಡಿಲಲ್ಲಿ ಏನಿದೆ ಎಂದು ಒಂದು ಸಲವೂ ಬಗ್ಗಿ ನೋಡಲಿಲ್ಲ.

ದುಂಡಗಿನ ಅಕ್ಷರದ ವಿಷಯಕ್ಕೆ ಬರುತ್ತೇನೆ. ಕಾರ್ಯದರ್ಶಿಗಳಿಗೆ ಬಟ್ಟೆ ಇಷ್ಟವಾಗಿರಲಿಲ್ಲ. "ನಾವು ಕೇಳಿದ್ದು ಆ್ಯಪು. ನೀವು ಮೇಜುಬಟ್ಟೆ ತಂದಿದೀರಿ. ನಾಳೆಯಿಂದ ಬರೋದು ಬೇಡ" ಎಂದಿದ್ದರು. ನಾನು ಅಳುತ್ತ ಕುಂಬಾರಮ್ಮನ ಮನೆಗೆ ಹೋದೆ. "ಅವರನ್ನ ಇಲ್ಲಿಗೆ ಕರ್ಕೊಂಡು ಬಾ" ಎಂದರು. ಮೇಷ್ಟ್ರು ಗೊಣಗುತ್ತಲೇ ಬಂದರು. ಕುಂಬಾರಮ್ಮ ಅವರ ಕೈಗೆ ಐದು ಸಣ್ಣ ಕುಡಿಕೆ ಕೊಟ್ಟು, "ಕಣ್ಣು ಮುಚ್ಕೊಂಡು ಈ ಮೇಜಿನ ಮೇಲೆ ಸಾಲಾಗಿಡಿ ಮೇಷ್ಟ್ರೇ" ಎಂದರು. ಮೂರನೆಯದು ಅಂಚಿನಿಂದ ಜಾರಿ ಬಿದ್ದು ಚೂರಾಯಿತು. ಮೇಷ್ಟ್ರು ಕಣ್ಣು ಬಿಟ್ಟು "ತಪ್ಪಾಯ್ತು" ಎಂದರು. "ಇರಲಿ. ಈಗ ಬಟ್ಟೆ ಹಾಸಿದೀನಿ, ಮತ್ತೆ ಇಡಿ" ಎಂದರು ಕುಂಬಾರಮ್ಮ. ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿ, ತೆಳು ಹಗ್ಗ ಮುಟ್ಟಿ, ದಪ್ಪ ಹಗ್ಗ ಮುಟ್ಟಿ, ಒಂದೊಂದನ್ನೇ ಇಟ್ಟರು. ಇಟ್ಟಾದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ನಲವತ್ತು ಹೊಲಿಸಿ" ಎಂದರು.

ಈಗ ಅತ್ತೆಯ ಮೇಜು. ನಲವತ್ತೂ ಹಂಚಿ ಮುಗಿದಿವೆ. ಇನ್ನೊಂದು ಹಾಕಲು ಡಿಪೋದಲ್ಲಿ ಜಾಗವಿಲ್ಲ. ಮೇಷ್ಟ್ರು ನಿಯಮ ಎಂದರೆ ನಿಯಮ ಎನ್ನುತ್ತಾರೆ. ನಾನು ಈ ವಿಷಯವನ್ನು ಕುಂಬಾರಮ್ಮನ ಹತ್ತಿರ ಹೇಳಿಕೊಂಡೆ. ಅವರು ಮಣ್ಣು ಕಲಸುತ್ತ ಎಲ್ಲ ಕೇಳಿಸಿಕೊಂಡು, "ನನಗೆ ಎರಡು ಮೊಳ ಸಾಕು. ಮಿಕ್ಕ ಎರಡು ಅವರಿಗೆ" ಎಂದರು. ನಿಯಮದಲ್ಲಿ ಒಂದು ಮೇಜಿಗೆ ಎಷ್ಟು ಜನ ಎಂದು ಬರೆದಿಲ್ಲವಂತೆ. ಅದನ್ನು ಹುಡುಕಿ ಹೇಳಿದವರು ಮೇಷ್ಟ್ರೇ.

"ನಾನೇನು ಕಲಾವಿದೇನಾ" ಎಂಬ ಮಾತಿಗೆ ಕುಂಬಾರಮ್ಮ ಕೊಟ್ಟ ಉತ್ತರವನ್ನು ಅತ್ತೆಗೆ ಓದಿ ಹೇಳಿ: "ಅದನ್ನ ಆಮೇಲೆ ನೋಡ್ಕೊಳ್ಳೋಣ. ಮೊದಲು ಬಂದು ಕೂತ್ಕೊಳ್ಳಿ."

ನಿಮ್ಮ ಗುಂಡುಸೂಜಿ

ಏಪ್ರಿಲ್ 7

ಗುಂಡುಸೂಜಿಗೆ ಆಶೀರ್ವಾದಗಳು.

ಅವಳು ಬರುತ್ತಾಳೆ. ಹದಿನೆಂಟನೆಯ ತಾರೀಖಿನ ಬೆಳಗಿನ ಬಸ್ಸು. ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗು.

ಬಟ್ಟೆಯನ್ನು ಅರ್ಧಕ್ಕೆ ಮಡಿಸಿ ದಿನವೂ ಜೋಡಿಸಿ ನೋಡುತ್ತಿದ್ದಾಳೆ. ನಾನು ಗಿರಾಕಿಯ ಹಾಗೆ ಬಂದು ನಿಲ್ಲಬೇಕು. "ಇದೇನಮ್ಮ, ಬರೀ ಬೆನ್ನೇ ಇದೆ?" ಎಂದು ಕೇಳಬೇಕು. ಮೊದಲ ದಿನ ಅವಳು ನಕ್ಕುಬಿಟ್ಟಳು. ಎರಡನೆಯ ದಿನ ಎದ್ದು ಅಡುಗೆಮನೆಗೆ ಹೋದಳು. ನಿನ್ನೆ ಕತ್ತೆತ್ತಿ ನೋಡಿ "ನಿಮಗೆ ಯಾವುದು ಬೇಕು?" ಎಂದಳು. ನನಗೇ ತಬ್ಬಿಬ್ಬಾಯಿತು.

ನಾನು ಬರುವುದಿಲ್ಲ. ಬರಬೇಡಿ ಎಂದು ಅವಳೇ ಹೇಳಿದಳು. "ನೀವು ಪಕ್ಕದಲ್ಲಿದ್ರೆ ಜನ ನಿಮ್ಮನ್ನ ನೋಡ್ತಾರೆ, ಚಿತ್ರ ನೋಡಲ್ಲ" ಎಂದಳು. ನ್ಯಾಯವಾಗಿದೆ. ಅವಳು ಮನೆಯಿಂದ ನಾನಿಲ್ಲದೆ ಎಲ್ಲಿಗೂ ಹೋದವಳಲ್ಲ. ನೋಡಿಕೋ. ಏನೇನಾಯಿತು ಎಂದು ಒಂದನ್ನೂ ಬಿಡದೆ ಬರೆ.

ನಿನ್ನ ಮಾವ

ಏಪ್ರಿಲ್ 21

ಪ್ರೀತಿಯ ಮಾವ,

ಒಂದನ್ನೂ ಬಿಡದೆ ಬರೆಯಲು ಆಗುವುದಿಲ್ಲ. ಆದಷ್ಟು ಬರೆಯುತ್ತೇನೆ. ಅತ್ತೆ ಇನ್ನೂ ಮಲಗಿದ್ದಾರೆ, ಅವರು ಇಷ್ಟು ಹೊತ್ತು ಮಲಗಿದ್ದನ್ನು ನಾನು ಕಂಡಿಲ್ಲ.

ನಿನ್ನೆ ಬೆಳಗ್ಗೆ ನಾನು ಡಿಪೋದ ಕಂಬದ ಹಿಂದೆ ನಿಂತು ಗೇಟು ನೋಡುತ್ತಿದ್ದೆ. ಒಬ್ಬೊಬ್ಬರಾಗಿ ಬಂದರು, ಕಂಕುಳಲ್ಲಿ ಬಟ್ಟೆಯ ಸುರುಳಿ ಹಿಡಿದುಕೊಂಡು. ಬಂದು, ಬಿಚ್ಚಿ, ಹಾಸಿ, ಇಡತೊಡಗಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಇಪ್ಪತ್ತು ನಿಮಿಷದ ಹಿಂದೆ ಎಣ್ಣೆ ಕಲೆಯ ನೆಲ, ತಗಡಿನ ಸೂರು ಇದ್ದ ಜಾಗ. ನೋಡನೋಡುತ್ತ ನಲವತ್ತು ಮನೆಗಳ ಒಳಗಿನದೆಲ್ಲ ಅಲ್ಲಿ ಬಂದು ಕೂತಿತ್ತು. ಮೇಷ್ಟ್ರು ಮೇಜುಗಳನ್ನು ಎಣಿಸುತ್ತ ಬಂದು ನನ್ನ ಪಕ್ಕ ನಿಂತರು. "ಖಾಲಿ ಇಲ್ಲ" ಎಂದರು. ಮತ್ತೆ ಮೊದಲಿಂದ ಎಣಿಸಲು ಹೋದರು.

ಕುಂಬಾರಮ್ಮ ಮಗಳ ಕೈ ಹಿಡಿದು ಗೇಟಿನವರೆಗೆ ಬಂದರು. ಅಲ್ಲಿ ನಿಂತರು. ಅಷ್ಟರಲ್ಲಿ ಅತ್ತೆ ಮೇಜಿನಿಂದ ಎದ್ದು ಹೋಗಿ, "ನಾನು ಬಡಗಿ ಮನೆಯವಳು. ನಿಮ್ಮ ಎರಡು ಮೊಳ ಬಿಟ್ಟು ಕೂತಿದೀನಿ, ಬನ್ನಿ" ಎಂದರು. ಕುಂಬಾರಮ್ಮ ಬಂದರು. ತೆಳು ಹಗ್ಗ ಮುಟ್ಟಿದರು, ದಪ್ಪ ಹಗ್ಗ ಮುಟ್ಟಿದರು. ಹದಿನೈದು ಪಾತ್ರೆಗಳನ್ನು ಇಟ್ಟರು. ಒಂದನ್ನೂ ಎರಡನೆಯ ಸಲ ಸರಿಸಲಿಲ್ಲ.

ಅತ್ತೆಯ ಚಿತ್ರಗಳ ಮುಂದೆ ಮೊದಲು ಯಾರೂ ನಿಲ್ಲಲಿಲ್ಲ. ಕಂದು ಹಾಳೆ, ಬೂದು ಗೆರೆ, ದೂರದಿಂದ ಕಾಣುವುದಿಲ್ಲ. ಅತ್ತೆ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. ಆಮೇಲೆ ಒಬ್ಬ ಹೆಂಗಸು ನಿಂತರು. ಎಡಗಡೆಯಿಂದ ನೋಡುತ್ತ ಬಂದರು. ಅರ್ಧಕ್ಕೆ ಬಂದವರು ಮತ್ತೆ ಮೊದಲಿನದಕ್ಕೆ ಹೋದರು. ಅವರ ಹಿಂದೆ ಇನ್ನಿಬ್ಬರು, ಆಮೇಲೆ ಹತ್ತು ಹನ್ನೆರಡು ಜನ. ಅಷ್ಟು ಗಲಾಟೆಯ ಡಿಪೋದಲ್ಲಿ ಆ ಮೇಜಿನ ಮುಂದೆ ಮಾತ್ರ ಸದ್ದಿಲ್ಲ. ಜನ ಒಂದೊಂದೇ ಹೆಜ್ಜೆ ಸರಿಯುತ್ತಿದ್ದರು.

ಆ ಹೆಂಗಸು ಕೇಳಿದರು: "ಇವರು ಯಾಕೆ ತಿರುಗೋದೇ ಇಲ್ಲ?"

ಅತ್ತೆ ಹೇಳಿದರು: "ಕರೆದದ್ದು ಕೇಳಲ್ಲ. ಆದ್ರೆ ತಿರುಗ್ತಾರೆ. ಇವತ್ತಿನವರೆಗೂ ತಿರುಗದೇ ಇದ್ದದ್ದಿಲ್ಲ."

ಆ ಹೆಂಗಸು ಅತ್ತೆಯ ಕೈಯನ್ನು ಹಿಡಿದುಕೊಂಡರು.

ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ಕುಂಬಾರಮ್ಮ, "ನನಗೂ ತೋರಿಸಿ" ಎಂದರು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಈ ವರ್ಷದ ಚಿತ್ರ ಎತ್ತಿಕೊಂಡು ಅವರ ತೋರುಬೆರಳು ಹಿಡಿದು ಹಾಳೆಯ ಮೇಲಿಟ್ಟರು. ಅತ್ತೆ ಪೆನ್ಸಿಲನ್ನು ಒತ್ತಿ ಬರೆಯುತ್ತಾರಲ್ಲ, ಆ ದಪ್ಪ ಕಾಗದದಲ್ಲಿ ಗೆರೆಗಳು ಸಣ್ಣಗೆ ತಗ್ಗಾಗಿವೆ. ಕುಂಬಾರಮ್ಮನ ಬೆರಳು ತಾನೇ ಹೊರಟಿತು. "ಭುಜ" ಎಂದರು. "ಬಲಗಡೆ ಇಳಿದಿದೆ. ಭಾರ ಆ ಕಡೆ ಹಾಕಿ ನಿಂತಿದಾರೆ." ಇನ್ನೂ ಮುಂದೆ ಹೋಗಿ, "ಇದು ಬೆಳಕಾ?" ಎಂದರು. ಅತ್ತೆ "ಹೂಂ, ಕಿಟಕೀದು" ಎಂದರು. ಆ ಜಾಗದಲ್ಲಿ ಗೆರೆಗಳಿಲ್ಲ, ನುಣುಪು. ಬೆಳಕನ್ನು ಅವರು ಹೇಗೆ ಕಂಡುಹಿಡಿದರು ಎಂದು ನಾನು ಕೇಳಲಿಲ್ಲ, ಮಾವ. ಕೇಳುವ ಧೈರ್ಯ ಬರಲಿಲ್ಲ.

ಸಂಜೆಗೆ ಅರ್ಧಕ್ಕಿಂತ ಹೆಚ್ಚು ಚಿತ್ರಗಳು ಬೇರೆ ಬೇರೆಯವರ ಮನೆಗೆ ಹೋದವು. ನಾಲ್ಕೈದು ಗೆರೆಯ ಮೊದಲನೆಯದನ್ನು ಮಾತ್ರ ಅತ್ತೆ ಯಾರಿಗೂ ಕೊಡಲಿಲ್ಲ. ಡಿಪೋ ನಮ್ಮಲ್ಲೇ ಉಳಿಯಿತು, ಹಾಗೆಂದು ನಗರಸಭೆಯವರು ಬರೆದು ಕೊಟ್ಟಿದ್ದಾರೆ.

ನಿಮ್ಮ ಗುಂಡುಸೂಜಿ

ಮೇ 4

ಗುಂಡುಸೂಜಿಗೆ ಆಶೀರ್ವಾದಗಳು.

ನಿನ್ನ ಕಾಗದ ಅವಳಿಗಿಂತ ಒಂದು ದಿನ ಮೊದಲು ಬಂತು. ನನ್ನ ಬೆನ್ನು ಈಗ ಗುರುತಿಲ್ಲದವರ ಗೋಡೆಗಳ ಮೇಲಿದೆ ಎಂದು ತಿಳಿದು ಎರಡು ಸಲ ನೆಟ್ಟಗೆ ಕೂತೆ.

ಅವಳನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಇಳಿದವಳೇ ನಡೆಯುತ್ತ ನಡೆಯುತ್ತ ಹೇಳತೊಡಗಿದಳು. ನಡೆಯುವಾಗ ತುಟಿ ಕಾಣುವುದಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಎದುರಿಗೆ ಅವಳ ಪೆಟ್ಟಿಗೆಯ ಮೇಲೆ ಕೂತು, "ಮೊದಲಿಂದ ಹೇಳು" ಎಂದೆ. ಎರಡು ಗಂಟೆ ಮಾತಾಡಿದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದು ನಾನು ಕಂಡಿಲ್ಲ. ನನಗೆ ಕಿವಿ ಕೇಳುವುದಿಲ್ಲ ಎಂದು ಅವಳಿಗೆ ನನ್ನ ಬಾಯಿಂದ ಹೇಳಿದ್ದೂ ಅಲ್ಲೇ. "ಗೊತ್ತು" ಎಂದಳು. ಮುಂದಿನ ವಾರ ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋಗುತ್ತೇವೆ.

ಮೊನ್ನೆ ಒಂದು ಮಾತು ಕೇಳಿದಳು. "ಕುಂಬಾರಮ್ಮನ ಮುಖ ಬರೀಬೇಕು ಅಂತಿದೀನಿ. ಸವೆದ ಕಾಗದದಲ್ಲಿ ಆಗಲ್ಲ. ಒಳ್ಳೇದು ಬೇಕು." ಅವಳು ತನಗೆಂದು ಒಂದು ವಸ್ತು ಕೇಳಿದ್ದು ನನಗೆ ನೆನಪಿಲ್ಲ. ಆಗಲೇ ಪೇಟೆಗೆ ಹೋದೆ. ಕಾಗದದ ಅಂಗಡಿಯಲ್ಲಿ ಚಿತ್ರ ಬರೆಯುವ ಹಾಳೆ ಕೊಡಿ, ನನಗೆ ಕಿವಿ ಕೇಳುವುದಿಲ್ಲ ಎಂದೆ. ಅಂಗಡಿಯವನು ಒಂದು ಚೀಟಿಯಲ್ಲಿ ಬರೆದು ತೋರಿಸಿದ, "ಯಾರಿಗೆ? ಮೊಮ್ಮಕ್ಕಳಿಗಾ?"

"ಅಲ್ಲ" ಎಂದೆ. "ನಮ್ಮನೇಲಿ ಒಬ್ಬರು ಕಲಾವಿದರಿದ್ದಾರೆ."

ಹೇಳಿದ್ದು ಜೋರಾಗಿಯೇ ಇರಬೇಕು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಏಳೆಂಟು ಥರದ ಹಾಳೆ ತೆಗೆದಿಟ್ಟ. ದಪ್ಪ, ತೆಳು, ಒರಟು, ನುಣುಪು. ನನಗೆ ಯಾವುದೆಂದು ತಿಳಿಯಲಿಲ್ಲ. ಯಾವುದನ್ನೂ ಕೊಳ್ಳದೆ ಮನೆಗೆ ಬಂದು ಅವಳನ್ನೇ ಕರೆದುಕೊಂಡು ಹೋದೆ.

ಅವಳು ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದಳು. ಅಂಗೈಯಿಂದ ಸವರಿದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಮೋಟು ತೆಗೆದು, ಅವನನ್ನು ಕೇಳಿ, ಮೂಲೆಯಲ್ಲಿ ಒಂದು ಗೆರೆ ಎಳೆದು ನೋಡಿದಳು. ಮತ್ತೊಂದು ಹಾಳೆ, ಮತ್ತೊಂದು ಗೆರೆ. ಬಹಳ ಹೊತ್ತಾಯಿತು. ಅಂಗಡಿಯವನು ಕೈಕಟ್ಟಿ ನಿಂತಿದ್ದ. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದೆ. ಇಬ್ಬರೂ ಅವಳನ್ನು ಅವಸರಪಡಿಸಲಿಲ್ಲ.

ನಿನ್ನ ಮಾವ